ಹಾಕದೆ ಬಿಟ್ಟ ತಗಡು

ಚಾವಣಿಗೆ ತಗಡು ಹೊಡೆಯುವ ತಗಡಿನವನು ತನ್ನ ಅಕ್ಕನ ಮನೆಗೆ ಬಂದಿದ್ದೇ ಭಾವನ ಚರ್ಮ ಸುಲಿಯೋಕೆ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಗೋಡೆ ಒದ್ದೆಯಾದಾಗಲೆಲ್ಲ ಆ ಮನುಷ್ಯ ಹೆಂಡತಿಗೆ ಬಾರಿಸುತ್ತಿದ್ದ. ನೆಲ ಒರೆಸುವ ನೆಪದಲ್ಲಿ ಬಕೆಟ್‌ಗಟ್ಟಲೆ ನೀರು ಸುರಿದು ಗೋಡೆಯ ಮರದ ಹಲಗೆ ಕೊಳೆಸುತ್ತಾಳಂತೆ. ಮೂರು ವರ್ಷ ಇದೇ ರಾಗ. ಮೊನ್ನೆ ಅವಳ ಎಡಗೈ ಮೂಳೆಯೇ ಮುರಿದಿತ್ತು.

ಬಾಗಿಲಲ್ಲೇ ಭಾವನ ಕಪಾಳಕ್ಕೆ ಒಂದು ಬಿತ್ತು. ಎರಡನೆಯದಕ್ಕೆ ತುಟಿ ಒಡೆಯಿತು. ಭಾವನೇನು ಸುಮ್ಮನಿರುವ ಆಸಾಮಿಯೇ? ಸ್ಟೂಲೆತ್ತಿ ಭಾವಮೈದುನನ ಹೆಗಲಿಗೆ ಬೀಸಿದ. ಗುದ್ದಾಡುತ್ತಲೇ ಇಬ್ಬರೂ ಹಿತ್ತಲಿಗೆ ಬಂದರು. ತಗಡಿನವನು ಅವನ ಕುತ್ತಿಗೆಪಟ್ಟಿ ಹಿಡಿದು, ಹಿಂಬದಿಯ ತಗ್ಗು ಚಾವಣಿ ಗೋಡೆಗೆ ಸೇರುವ ಮೂಲೆಗೆ ದರದರ ಎಳೆದೊಯ್ದ.

"ನೆಲದ ನೀರು ತಲೆಮಟ್ಟಕ್ಕೆ ಹತ್ತುತ್ತಾ? ಕಣ್ಣಿದ್ರೆ ನೋಡು," ಎಂದು ಅಲ್ಲೇ ಒರಗಿಸಿದ್ದ ಹಾರೆ ತೂರಿಸಿ ಗೋಡೆಯ ಹಲಗೆ ಮೀಟಿದ.

ಒಳಗಿನ ಮರ ಕಪ್ಪಗಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಕೊಳೆತ ಶುರುವಾಗಿದ್ದು ಮೇಲಿನಿಂದ, ಚಾವಣಿಯ ತುದಿಯಿಂದ. ಅಕ್ಕನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಮೇಲೆ ನೋಡಿದ ತಗಡಿನವನ ಹಿಡಿತ ಸಡಿಲವಾಗಿ ಹಾರೆ ನೆಲಕ್ಕೆ ಬಿತ್ತು. ಚಾವಣಿ ಗೋಡೆಗೆ ತಾಗುವಲ್ಲಿ ಉದ್ದಕ್ಕೂ ತಗಡಿತ್ತು. ಕೊನೆಯಲ್ಲಿ ನೀರನ್ನು ಗೋಡೆಯಿಂದ ಆಚೆ ನೂಕುವ, ಹೊರಕ್ಕೆ ಬಾಗಿದ ತುಂಡು ಮಾತ್ರ ಇರಲಿಲ್ಲ. ಮಳೆನೀರೆಲ್ಲ ಸೀದಾ ಗೋಡೆಯೊಳಕ್ಕೆ ಇಳಿದಿತ್ತು. ತಗಡು ಹೊಡೆದವನು ಅವನೇ. ಬೇರೆಯವರ ಮನೆಯಾಗಿದ್ದರೆ ಆ ತುಂಡು ಹಾಕದೆ ಏಣಿ ಇಳಿಯುತ್ತಿರಲಿಲ್ಲ. ಅಕ್ಕನ ಮನೆ ತಾನೇ, ನಾಳೆ ಬಂದು ಹಾಕಿದರಾಯ್ತು ಅಂದುಕೊಂಡಿದ್ದ. ಆಮೇಲೆ ಮರೆತೇಬಿಟ್ಟ.

ಭಾವ ರಕ್ತ ಉಗಿದ. "ಯಾರ ಕೆಲಸ ಇದು? ಅವಳ ಮುಂದೆ ಬಾಯಿಬಿಡು."

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮುರಿದ ಕೈ ಕೊರಳಿನ ಬಟ್ಟೆಯಲ್ಲಿ ತೂಗುತ್ತಿತ್ತು.

"ನಂದೇ ಕಣಕ್ಕಾ. ನೀನು ಏಟು ತಿಂದಿದ್ದೆಲ್ಲ ನನ್ನಿಂದ." ನಾಚಿಕೆಗೆ ಅವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಭಾವ ನಕ್ಕ. "ಕೇಳಿಸ್ಕೊಂಡ್ಯಾ? ಹೊಡೀಬೇಕಾಗಿದ್ದು ನಿನ್ ತಮ್ಮನಿಗೆ. ಆಗಿದ್ದು ಆಯ್ತು, ಒಳಗೆ ನಡಿ."

ಅಕ್ಕ ಬಂದು ಬಲಗೈಯಲ್ಲಿ ಹಾರೆ ಎತ್ತಿಕೊಂಡಳು.

"ಗೋಡೆ ಹಾಳುಮಾಡಿದ್ದು ಇವನು, ಸರಿ," ಅಂದಳು ಗಂಡನಿಗೆ. "ನನ್ನ ಕೈ ಮುರಿದಿದ್ದು ಮಳೆನೀರಲ್ಲ."

ಹಾರೆ ಗಂಡನ ಮೊಣಕಾಲಿಗೆ ಬಿತ್ತು. ಕಟಕ್ಕೆಂದಿತು. ಅವನು ನೆಲಕ್ಕುರುಳಿ ಚೀರಾಡತೊಡಗಿದ. ಅವಳು ತಮ್ಮನ ಕಡೆ ತಿರುಗಿದಳು. ಅವನು ತಪ್ಪಿಸಿಕೊಳ್ಳಲಿಲ್ಲ, ಕಣ್ಣುಮುಚ್ಚಿ ಕಾದ. ಏಟು ಬೀಳಲಿಲ್ಲ.

"ಒಳಗೆ ನನ್ನ ಚೀಲ ಇದೆ, ಎತ್ಕೊಂಡು ಬಾ," ಅಂದಳು. "ಬಸ್ ನಿಲ್ದಾಣದ ತನಕ ಸಾಕು. ನಿನ್ನ ಮನೆಗೂ ನಾನು ಬರಲ್ಲ."