ರೋಸ್ ಬರುವ ದಾರಿ

"ಅದು ಸ್ಕೂಟರ್ ಅಲ್ಲ ಕಣಮ್ಮ. ಹ್ಯಾಂಡಲ್ ತಿರುಚಬೇಡ. ಬಲಗೈ ಹೆಬ್ಬೆರಳ ಹತ್ತಿರ ಒಂದು ಚಿಕ್ಕ ಪಟ್ಟಿ ಐತೆ ನೋಡು, ಅದನ್ನ ಒತ್ತು. ಮೆತ್ತಗೆ!"

ಓವನ್ ಮೆಕಾರ್ಡಲ್ ಆಡಿದ್ದು ಇಂಗ್ಲಿಷೇ, ಅದೂ ಡನ್‌ಡಾಕ್ ಎಂಬ ಐರಿಶ್ ಪಟ್ಟಣದ ಆಚೆಯ ಗುಡ್ಡದವರ, ಅರ್ಧ ಗಂಟಲಲ್ಲೇ ಉಳಿಯುವ ಇಂಗ್ಲಿಷು. ಆದರೆ ಕಾತ್ಯಾಯಿನಿಯ ಕಿವಿಗೆ ಬೀಳುವಷ್ಟರಲ್ಲಿ ಅದು ಯಾವಾಗಲೂ ಕನ್ನಡವಾಗಿಬಿಡುತ್ತಿತ್ತು. ಎಪ್ಪತ್ತೆಂಟರ ಈ ಮನುಷ್ಯ ಮೈಸೂರಿನಲ್ಲಿ ಹುಟ್ಟಿದ್ದರೂ ಹೀಗೇ ಗದರಿಸುತ್ತಿದ್ದರು ಅಂತ ಅವಳಿಗೆ ಎಷ್ಟೋ ಸಲ ಅನಿಸಿತ್ತು.

ಅವಳು ಕೂತಿದ್ದು ಕ್ವಾಡ್ ಮೇಲೆ. ನಾಲ್ಕು ದಪ್ಪ ಚಕ್ರದ, ಬೈಕಿನ ಹಾಗೆ ಹ್ಯಾಂಡಲ್ ಇರುವ, ಕುರಿ ಮೇಯಿಸುವವರು ಗುಡ್ಡ ಹತ್ತಿಸುವ ಗಾಡಿ. ಅದರ ಮೂತಿಗೆ ಓವನ್ ಎಂದೋ ಒಂದು ಉಕ್ಕಿನ ಹಲಗೆ ಕಟ್ಟಿಸಿದ್ದರು, ಹಿಮ ತಳ್ಳುವುದಕ್ಕೆ. ಹಾಗೆ ತಳ್ಳುವುದು ಅವರ ಕೆಲಸವೇ. ಇವತ್ತು ಅವರು ಹೊರಗೆ ಬರುವ ಹಾಗಿರಲಿಲ್ಲ. ಕೋವಿಡ್ ತಗುಲಿ ಒಂಬತ್ತು ದಿನವಾಗಿತ್ತು, ಇನ್ನೂ ನಾಲ್ಕು ದಿನ ಯಾರ ಹತ್ತಿರವೂ ಸುಳಿಯಬಾರದು. ಕಿಟಕಿ ತೆರೆದು, ಫೋನ್ ಕಿವಿಗಿಟ್ಟು ನಿಂತಿದ್ದರು. ಅವರ ಹೆಂಡತಿ ರೋಸ್ ಭಾನುವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಇವತ್ತು ಗುರುವಾರ, ಹನ್ನೊಂದು ಗಂಟೆಗೆ ಚರ್ಚಿನಲ್ಲಿ ಅಂತ್ಯಕ್ರಿಯೆ. ಹತ್ತೇ ಜನ ಹೋಗಬಹುದು. ಆ ಹತ್ತರಲ್ಲಿ ಓವನ್ ಇರಲಿಲ್ಲ.

ಊರಿನವರು ಆ ವರ್ಷ ಒಂದು ದಾರಿ ಕಂಡುಕೊಂಡಿದ್ದರು. ಚರ್ಚಿಗೆ ಹೋಗುವ ಮುಂಚೆ ಶವದ ಗಾಡಿ ಮನೆಯ ಮುಂದೆ ಬಂದು ಐದು ನಿಮಿಷ ನಿಲ್ಲುವುದು. ಒಳಗಿದ್ದವರು ಒಳಗಿಂದಲೇ ನೋಡುವುದು. ಅಷ್ಟೇ. ಆ ಐದು ನಿಮಿಷದ ಮೇಲೆ ರಾತ್ರಿಯೆಲ್ಲ ಹಿಮ ಬಿದ್ದುಬಿಟ್ಟಿತ್ತು. ದೊಡ್ಡ ರಸ್ತೆಯನ್ನೇನೋ ಕೌನ್ಸಿಲ್‌ನವರು ತೆರವು ಮಾಡಿದ್ದರು. ಅಲ್ಲಿಂದ ಓವನ್ ಮನೆವರೆಗಿನ ಮುನ್ನೂರು ಮೀಟರ್ ಓಣಿ ಯಾರ ಪಾಲಿಗೂ ಸೇರಿರಲಿಲ್ಲ. ಮಗಳು ಮೇವ್ ಡನ್‌ಡಾಕ್‌ನಿಂದ ಬೆಳಗ್ಗೆ ಏಳಕ್ಕೇ ಕಾತ್ಯಾಯಿನಿಗೆ ಫೋನ್ ಮಾಡಿದ್ದಳು. "ಓಣಿ ತೆರವಾಗದಿದ್ರೆ ಗಾಡಿ ನೇರ ಚರ್ಚಿಗೇ ಹೋಗುತ್ತಂತೆ. ಅಪ್ಪನಿಗೆ ನಾನು ಹೇಗೆ ಹೇಳಲಿ?"

ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವರು ಕಾತ್ಯಾಯಿನಿ ಮತ್ತು ಅವಳ ಗಂಡ ಗುರುದತ್. ಇಬ್ಬರಿಗೂ ಮನೆಯಿಂದಲೇ ಆಫೀಸು. ಗುರುದತ್‌ಗೆ ಸೈಕಲ್ ಬಿಟ್ಟು ಬೇರೇನೂ ಎರಡು ಚಕ್ರದ್ದು ಬಾರದು. ಆದ್ದರಿಂದ ಮಂಕಿ ಕ್ಯಾಪ್ ಮೇಲೆ ಅವನ ಸೈಕಲ್ ಹೆಲ್ಮೆಟ್ ಕಟ್ಟಿಕೊಂಡು ಅವಳೇ ಹತ್ತಿದ್ದಳು. ಅವನು ಹ್ಯಾಂಡಲ್‌ಗೆಲ್ಲ ಸ್ಯಾನಿಟೈಸರ್ ಸುರಿದು ಒರೆಸಿ, ಸಲಿಕೆ ಹಿಡಿದು ನಿಂತಿದ್ದ.

"ಕಾತ್ಯಾ, ಬೇಡ ಅನ್ಸಿದ್ರೆ ಇಳಿದುಬಿಡು."

"ಇಳಿದು? ಸಲಿಕೇಲಿ ಎತ್ತಿ ಹಾಕ್ತೀರಾ ಮುನ್ನೂರು ಮೀಟರು? ಸುಮ್ನಿರ್ರೀ."

ಕಿವಿಯೊಳಗಿನ ಇಯರ್‌ಫೋನಿನಲ್ಲಿ ಓವನ್ ಶುರುಮಾಡಿದರು; ಅವರ ಬಾಯಲ್ಲಿ ಕಾತ್ಯಾಯಿನಿ ಯಾವಾಗಲೂ ಕ್ಯಾಥಿ. "ಮೊದಲು ಖಾಲಿ ಹಲಗೆ ಎತ್ತಿಕೊಂಡೇ ದೊಡ್ಡ ರಸ್ತೆವರೆಗೆ ಹೋಗು. ಗಾಡಿ ಗೊತ್ತಾಗಲಿ. ಅಲ್ಲಿ ತಿರುಗಿಸಿ ಹಲಗೆ ಇಳಿಸು. ಪೂರ್ತಿ ನೆಲಕ್ಕೆ ಬೇಡ ಕ್ಯಾಥಿ, ಕೆಳಗಿನ ಜಲ್ಲಿಯೆಲ್ಲ ಕಿತ್ತು ಬರುತ್ತೆ. ಒಂದು ಬೆರಳಷ್ಟು ಎತ್ತರ ಇರಲಿ. ಹಲಗೆ ವಾರೆ ಮಾಡು, ಹಿಮ ಗೋಡೆ ಕಡೆ ಬೀಳಲಿ. ಇನ್ನೊಂದು ಕಡೆ ಚರಂಡಿ ಐತೆ, ಹಿಮದಡಿ ಕಾಣೋದಿಲ್ಲ. ಅದರ ಹತ್ತಿರ ಹೋಗಲೇಬೇಡ."

"ಆಯ್ತು."

"ನಡೆಯೋ ಮನುಷ್ಯನ ವೇಗ, ಅಷ್ಟೇ. ಮತ್ತೆ ಕೇಳು, ಗಾಡಿ ವಾಲಿದ್ರೆ ಕಾಲು ಕೆಳಗೆ ಊರಬೇಡ. ಸ್ಕೂಟರ್ ಓಡಿಸಿದವರೆಲ್ಲ ಅದನ್ನೇ ಮಾಡೋದು. ಹಿಂದಿನ ಚಕ್ರ ನಿನ್ನ ಕಾಲ ಮೇಲೇ ಹತ್ತುತ್ತೆ."

ಮೊದಲ ಸಲ ಹೆಬ್ಬೆರಳು ಜಾಸ್ತಿ ಒತ್ತಿ, ಗಾಡಿ ಕುರಿಯ ಹಾಗೆ ನೆಗೆಯಿತು. ಎರಡನೇ ಸಲ ಹಲಗೆ ತಗ್ಗಿಸಿದ್ದು ಹೆಚ್ಚಾಗಿ ಜಲ್ಲಿಕಲ್ಲು ಎದ್ದು ಬಂತು. "ಓಣಿ ಬೇಕು ನಮಗೆ, ಕಲ್ಲುಗಣಿ ಅಲ್ಲ," ಅಂದರು ಓವನ್, ಅಂದು ಕೆಮ್ಮಿದರು. ನಾಲ್ಕನೇ ಸಲಕ್ಕೆ ಹಿಮ ಹಲಗೆಯ ಮುಂದೆ ದೋಸೆಯ ಅಂಚಿನಂತೆ ಸುರುಳಿಯಾಗಿ ಗೋಡೆಯ ಕಡೆ ಹೊರಳತೊಡಗಿತು.

"ಹಾಂ, ಹಾಗೆ. ಇನ್ನೂ ಅಗಲ ಮಾಡು. ಬದಿಗೆ ಬಿದ್ದದ್ದು ಗಟ್ಟಿಯಾದ ಮೇಲೆ ಸರಿಸೋಕಾಗಲ್ಲ. ರೋಸ್‌ಗೆ ಇಕ್ಕಟ್ಟು ಅಂದ್ರೆ ಆಗ್ತಿರಲಿಲ್ಲ ಕಣಮ್ಮ, ಲಿಫ್ಟ್ ಒಳಗೂ ಹೋಗೋಳಲ್ಲ."

ಗಾಡಿ ತಿರುಗಿಸುವಾಗ ಕಾತ್ಯಾಯಿನಿ ಕಿಟಕಿಯ ಕಡೆ ನೋಡಿದಳು. ರೋಸ್‌ರನ್ನು ಒಯ್ಯಲು ಆಂಬುಲೆನ್ಸ್ ಬಂದ ದಿನ ಓವನ್ ಮೇಲಿನ ಹೊಲದಲ್ಲಿ ಕುರಿಗಳ ಹತ್ತಿರ ಇದ್ದರು. ಇಳಿದು ಬರುವಷ್ಟರಲ್ಲಿ ಹೊರಟುಹೋಗಿತ್ತು. ಶುಕ್ರವಾರ ವಾಪಸ್ ಕಳಿಸ್ತಾರೆ, ಅಂತ ಮೇವ್ ಅಂದಿದ್ದಳು. ಅದನ್ನೇ ನಂಬಿ, ರೋಸ್ ಜೊತೆ ಫೋನಿನಲ್ಲಿ ನಾಳೆ ಮಾತಾಡ್ತೀನಿ, ನಾಡಿದ್ದು ಮಾತಾಡ್ತೀನಿ ಅಂದುಕೊಂಡೇ ಇದ್ದರು.

ಒಂಬತ್ತೂಕಾಲಿಗೆ ಓವನ್ ಅಂದರು: "ಸರಿ, ಇನ್ನು ನಿನಗೆ ಬರುತ್ತೆ. ನಾನು ಗಡ್ಡ ತೆಗೆದು ಸೂಟು ಹಾಕ್ಕೊಂಡು ಬರ್ತೀನಿ."

ಉಳಿದದ್ದು ಮನೆ ಹತ್ತಿರದ ನಲವತ್ತು ಮೀಟರು. ಅಲ್ಲಿ ಎರಡು ಕಡೆಯೂ ಕಲ್ಲುಗೋಡೆ, ಪಕ್ಕಕ್ಕೆ ಹೊರಳಿಸಲು ಜಾಗವಿಲ್ಲ. ಕಾತ್ಯಾಯಿನಿ ಹಲಗೆ ನೇರ ಮಾಡಿ, ಇದ್ದದ್ದನ್ನೆಲ್ಲ ಮುಂದಕ್ಕೇ ತಳ್ಳಿದಳು. ಮನೆಯ ಪಕ್ಕದಲ್ಲಿ ಓಣಿ ಮುಗಿಯುವಲ್ಲಿ ಒಂದು ಅಗಲವಾದ ಬಯಲಿತ್ತು. ಅಲ್ಲಿ ಗುಡ್ಡೆ ಹಾಕಿದಳು. ಕೈ ಕುದುರಿತ್ತು. ನಾಲ್ಕೈದು ಸಲ ತಳ್ಳಿದ್ದಕ್ಕೆ ಎದೆಯೆತ್ತರದ ಗುಡ್ಡೆ, ಓಣಿ ಮಾತ್ರ ಒರೆಸಿಟ್ಟ ಹಾಗೆ.

"ವಾಹ್," ಅಂದ ಗುರುದತ್. "ಇದನ್ನೇ ಕೆಲಸ ಮಾಡ್ಕೋಬಹುದು ನೀನು."

ಆಗ ಕಿಟಕಿಯಲ್ಲಿ ಓವನ್ ಕಾಣಿಸಿದರು. ಕಪ್ಪು ಸೂಟು, ಕಪ್ಪು ಟೈ, ಗಲ್ಲದ ಮೇಲೆ ಬ್ಲೇಡು ತಾಗಿದ ಒಂದು ಗೀರು. ಗುಡ್ಡೆಯನ್ನು ಸುಮಾರು ಹೊತ್ತು ನೋಡಿದರು.

"ಕ್ಯಾಥಿ, ಗಾಡಿ ಎಲ್ಲಿ ತಿರುಗಬೇಕು?"

ಅವಳು ಗುಡ್ಡೆಯ ಕಡೆ ತಿರುಗಿ ನೋಡಿದಳು. ಆ ಬಯಲು ಇದ್ದದ್ದೇ ಅದಕ್ಕೆ. ಹಾಲಿನ ಗಾಡಿ, ಟಪಾಲಿನ ವ್ಯಾನು, ಅವಳದೇ ಕಾರು, ಎಲ್ಲವೂ ತಿರುಗುತ್ತಿದ್ದದ್ದು ಅಲ್ಲೇ. ಆರು ಮೀಟರ್ ಉದ್ದದ ಶವದ ಗಾಡಿಗೆ ಬೇರೆ ಜಾಗವಿರಲಿಲ್ಲ.

"ತೆಗೀತೀನಿ. ಈಗಲೇ ತೆಗೀತೀನಿ."

ಗಂಟೆ ಒಂಬತ್ತೂ ಮುಕ್ಕಾಲು; ಹತ್ತಕ್ಕೆ ಶವದ ಗಾಡಿ ಬರಬೇಕು. ಅವಳು ಹಿಂದೆ ಸರಿದು ಗುಡ್ಡೆಗೆ ನುಗ್ಗಿಸಿದಳು. ತಳ್ಳಿ ತಳ್ಳಿ ಒತ್ತಿದ ಹಿಮ ಕಲ್ಲಾಗಿತ್ತು. ಹಲಗೆ ಅಲುಗಲಿಲ್ಲ, ಚಕ್ರಗಳೇ ಅದರ ಮೇಲೆ ಹತ್ತಿದವು, ಗಾಡಿ ಎಡಕ್ಕೆ ವಾಲಿತು. ಮೈಸೂರಿನ ಸಾತಗಳ್ಳಿಯಿಂದ ಕಾಲೇಜಿಗೂ ಆಫೀಸಿಗೂ ಹತ್ತು ವರ್ಷ ಸ್ಕೂಟರ್ ಓಡಿಸಿದ ಕಾಲು ತಾನಾಗಿಯೇ ಕೆಳಗಿಳಿಯಿತು.

"ಕಾಲು!"

ಕಿಟಕಿಯಿಂದ ಬಂದ ಆ ಕೂಗಿಗೆ ಅವಳು ಕಾಲು ಎಳೆದುಕೊಂಡಳು. ಚಕ್ರ ಅವಳ ಬೂಟಿನ ತುದಿಯನ್ನು ಸವರಿಕೊಂಡು ಹೋಯಿತು. ಎಂಜಿನ್ ನಿಂತಿತು. ಗಾಡಿ ಗುಡ್ಡೆಯ ಮೇಲೇ ಹೊಟ್ಟೆ ಸಿಕ್ಕಿಸಿಕೊಂಡು ಕೂತಿತು.

ಓವನ್‌ಗೆ ಕೆಮ್ಮು ಹಿಡಿಯಿತು. ಆಮೇಲೆ, "ಇಳಿ," ಅಂದರು. "ಸಾಕು. ಈ ಓಣಿಗೆ ಒಂದು ಸಾವು ಸಾಕಮ್ಮ. ದೊಡ್ಡ ರಸ್ತೆಯಿಂದಲೇ ಕೈ ಎತ್ತಿ ಹೋಗಲಿ ಅಂತ ಮೇವ್‌ಗೆ ಹೇಳು."

ದೊಡ್ಡ ರಸ್ತೆ ಈ ಕಿಟಕಿಯಿಂದ ಕಾಣುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಕಾತ್ಯಾಯಿನಿ ಓಣಿಯುದ್ದಕ್ಕೂ ದೊಡ್ಡ ರಸ್ತೆಗೆ ಓಡಿದಳು. ಅವಳು ತಲುಪುವಾಗ ಶವದ ಗಾಡಿ ಬಂದು ನಿಂತಿತ್ತು, ಅದರ ಹಿಂದೆ ಮೇವ್‌ಳ ಕಾರು. ಎದುರಿನ ಗೇಟುಗಳಲ್ಲಿ ನಾಲ್ಕೈದು ಜನ ದೂರ ದೂರ ನಿಂತಿದ್ದರು. ಕಪ್ಪು ಕೋಟಿನ ಡ್ರೈವರ್ ಇಳಿದು ಓಣಿಯನ್ನು ನೋಡಿದ.

"ದಾರಿ ಚೆನ್ನಾಗಿದೆ," ಅಂದ. "ತಿರುಗೋಕೆ ಜಾಗ?"

"ಇಲ್ಲ. ನನ್ನ ತಪ್ಪು. ನೀವು ರಿವರ್ಸ್‌ನಲ್ಲಿ ಬರಬೇಕು."

"ಮುನ್ನೂರು ಮೀಟರು? ಪಕ್ಕದಲ್ಲಿ ಚರಂಡಿ? ಇಲ್ಲಮ್ಮ. ಒಳಗಿರೋರನ್ನ ಕೂರಿಸ್ಕೊಂಡು ನಾನು ಜಾರಿದ್ರೆ ಏನು ಗತಿ?"

ಮೇವ್ ಮಾಸ್ಕಿನ ಮೇಲೆ ಕೈಯಿಟ್ಟುಕೊಂಡಳು.

"ಬೆಳಗಿನಿಂದ ಈ ಓಣೀಲಿ ಹದಿನಾಲ್ಕು ಸಲ ಓಡಾಡಿದೀನಿ," ಅಂದಳು ಕಾತ್ಯಾಯಿನಿ. "ಚರಂಡಿ ಎಲ್ಲಿ ಶುರು, ಗೋಡೆ ಎಲ್ಲಿ ಉಬ್ಬಿದೆ, ಎಲ್ಲಾ ಗೊತ್ತು. ಚರಂಡಿ ಅಂಚಲ್ಲಿ ನಾನು ನಡೀತೀನಿ. ನನ್ನ ಕೈ ಒಂದನ್ನೇ ಕನ್ನಡೀಲಿ ನೋಡಿ. ಬಿದ್ರೆ ಮೊದಲು ನಾನು ಬೀಳ್ತೀನಿ."

ಡ್ರೈವರ್ ಮೇವ್‌ಳನ್ನು ನೋಡಿದ. ಆಮೇಲೆ ಹಿಮವನ್ನು ಬೂಟಿನಿಂದ ಕೆದಕಿ ನೋಡಿದ. ಕೆಳಗೆ ಜಲ್ಲಿ ಸಿಕ್ಕಿತು. ಹೋಗಿ ಗಾಡಿ ತಿರುಗಿಸಿದ.

ಅವಳು ಕೈ ಎತ್ತಿದಳು. ಬಾಯಿಂದ ತಾನಾಗಿ ಕನ್ನಡವೇ ಬಂತು. "ಬರ್ಲಿ, ಬರ್ಲಿ, ಬರ್ಲಿ..." ನಮ್ಮ ಕಡೆ ಬಸ್ಸು ಹಿಂದಕ್ಕೆ ಬರಿಸುವಾಗ ಮೈಗೆ ತಟ್ಟುತ್ತಾರಲ್ಲ, ಹಾಗೆ ತಟ್ಟಲು ಅವಳ ಕೈ ಎರಡು ಸಲ ಮುಂದೆ ಹೋಯಿತು. ಗಾಜಿನ ಒಳಗೆ ಮರದ ಪೆಟ್ಟಿಗೆ ಕಂಡು ಹಿಂದೆ ಬಂತು. "ಸ್ವಲ್ಪ ಬಲಕ್ಕೆ. ಹಾಂ. ಸೀದಾ ಬರ್ಲಿ." ಡ್ರೈವರ್‌ಗೆ ಭಾಷೆ ತಿಳಿಯದು; ದನಿ ಏರಿದಾಗ ನಿಲ್ಲುತ್ತಿದ್ದ, ಇಳಿದಾಗ ಬರುತ್ತಿದ್ದ. ಒಂದು ಕಡೆ ಹಿಂದಿನ ಚಕ್ರ ಜಾರಿತು. ಅವಳು ಚರಂಡಿಯಲ್ಲಿ ಮೊಣಕಾಲವರೆಗೆ ಇಳಿದುಹೋದಳು, ಕೈ ಮಾತ್ರ ಮೇಲೇ ಇತ್ತು. ಗುರುದತ್ ಓಡಿ ಬಂದು ಚಕ್ರದಡಿಗೆ ಸಲಿಕೆಯಿಂದ ಜಲ್ಲಿ ಹಾಕಿದ. ಮತ್ತೆ ಬಂತು.

ಗಾಡಿ ಕಿಟಕಿಯ ಎದುರು, ಬೆನ್ನು ಕೊಟ್ಟು ನಿಂತಿತು. ಡ್ರೈವರ್ ಇಳಿದು ಟೋಪಿ ತೆಗೆದ. ಆಮೇಲೆ ಹಿಂದಿನ ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿದ. ಪೆಟ್ಟಿಗೆಗೂ ಕಿಟಕಿಗೂ ನಡುವೆ ಆರೇಳು ಮಾರು ತಣ್ಣನೆಯ ಗಾಳಿ, ಬೇರೇನೂ ಇಲ್ಲ.

ಓವನ್ ಕಿಟಕಿಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ರೋಸ್," ಅಂದರು. "ಕಪ್ಪು ಮೂತಿಯ ಕುರಿ ಮೊನ್ನೆ ಈಯ್ತು. ಎರಡು ಮರಿ. ಒಂದು ಹಾಲು ಕುಡೀತಿಲ್ಲ, ಅಡುಗೆಮನೇಲೇ ಇಟ್ಕೊಂಡು ಬಾಟಲಿ ಕೊಡ್ತಿದೀನಿ."

ಓಣಿಯ ತುದಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಅವತ್ತು ಕುರಿ ಬಿಟ್ಟು ಓಡಿ ಬರಬೇಕಿತ್ತು ನಾನು. ಬೇಗ ಬರಲಿಲ್ಲ."

ಇನ್ನೂ ಏನೋ ಹೇಳಿದರು. ಕಾತ್ಯಾಯಿನಿ ಕಿವಿಯಿಂದ ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಗುರುದತ್ ಅವಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ. ಐದು ನಿಮಿಷ ಹೋಗಿ ಹತ್ತಾಯಿತು. ಡ್ರೈವರ್ ಗಡಿಯಾರ ನೋಡಲಿಲ್ಲ.

ಕಡೆಗೆ ಓವನ್ ಅವರೇ ಅಂದರು: "ಹೊರಡಿ. ಪೂಜೆಗೆ ತಡ ಆದ್ರೆ ಅವಳಿಗೆ ಆಗೋದಿಲ್ಲ."

ಬಾಗಿಲು ಮುಚ್ಚಿತು. ಗಾಡಿ ಈಗ ಮುಖ ಮುಂದಾಗಿ, ಯಾರ ಕೈಸನ್ನೆಯೂ ಬೇಡದೆ, ತೆರವಾದ ಓಣಿಯಲ್ಲಿ ಮೆಲ್ಲಗೆ ಏರಿಹೋಯಿತು. ಓವನ್ ಕಿಟಕಿಯಲ್ಲಿ ಹಾಗೇ ನಿಂತಿದ್ದರು. ಚಳಿ ಒಳಗೆ ನುಗ್ಗುತ್ತಿತ್ತು, ಕಿಟಕಿ ಮುಚ್ಚಿ ಅಂತ ಅವರಿಗೆ ಯಾರೂ ಹೇಳಲಿಲ್ಲ.