ಚಿಲಕವಿಲ್ಲದ ಮನೆ

ಆ ಮನೆಯಲ್ಲಿ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಬೀದಿ ಬಾಗಿಲಿಗಿಲ್ಲ, ಮಲಗುವ ಕೋಣೆಗಿಲ್ಲ, ಬಚ್ಚಲಿಗೂ ಇಲ್ಲ. ಚಿಲಕವಿದ್ದ ಜಾಗದಲ್ಲಿ ನಾಲ್ಕು ನಾಲ್ಕು ಸ್ಕ್ರೂ ತೂತುಗಳಷ್ಟೇ ಉಳಿದಿದ್ದವು. ಯಾರಾದರೂ ಬಚ್ಚಲಿಗೆ ಹೋದರೆ ಇನ್ನೊಬ್ಬರು ಹೊರಗೆ ಕಾವಲು ನಿಲ್ಲಬೇಕು. ಹದಿನಾರು ವರ್ಷದ ಮಗಳಿಗಂತೂ ಇದು ಸಾಕುಸಾಕಾಗಿತ್ತು. ಗೆಳತಿಯರನ್ನು ಮನೆಗೆ ಕರೆಯುವುದನ್ನು ಅವಳು ಬಿಟ್ಟು ತಿಂಗಳುಗಳಾಗಿದ್ದವು.

ಕಳ್ಳರು ಕಿತ್ತುಕೊಂಡು ಹೋದರು ಅಂದುಕೊಳ್ಳಬೇಡಿ. ಕಿತ್ತವನು ಮನೆಯ ಯಜಮಾನನೇ. ಅದೂ ಎಂಥವನು? ಇಪ್ಪತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡುತ್ತ, ಕೀಲಿ ಕೊರೆಯುತ್ತ ಬಂದವನು. ಬೀದಿಗೆಲ್ಲ ಅವನು ಕೀಲಿಯಣ್ಣ. ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವವಳು, ಆದ್ದರಿಂದ ಗುಂಡಿಯಕ್ಕ. ಗಂಡ ಹೆಂಡಿರಿಬ್ಬರೂ ಊರವರ ಬಾಗಿಲು, ಅಂಗಿ ಎರಡನ್ನೂ ಮುಚ್ಚಿ ಕೊಡುವವರು ಎಂದು ಜನ ತಮಾಷೆ ಮಾಡುತ್ತಿದ್ದರು. ಈಗ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕೀಲಿಯಣ್ಣನಿಗೆ ಫೋನು ಬಂದಿತ್ತು. ಮೂರನೆಯ ಮಹಡಿಯಲ್ಲಿ ಒಂಟಿಯಾಗಿದ್ದ ಅಜ್ಜಿಯೊಬ್ಬರು ಎಷ್ಟು ಕರೆದರೂ ಬಾಗಿಲು ತೆಗೆಯುತ್ತಿಲ್ಲ, ಬನ್ನಿ ಎಂದು. ಹೋದ. ಮುಂಬಾಗಿಲಿನ ಬೀಗವನ್ನು ನಾಲ್ಕೇ ನಿಮಿಷದಲ್ಲಿ ತೆಗೆದ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕದವನ್ನೇ ಬಿಚ್ಚಿ ಪಕ್ಕಕ್ಕಿಟ್ಟ. ಅಜ್ಜಿ ನೆಲದ ಮೇಲೆ ಬಿದ್ದಿದ್ದರು. ಉಸಿರಿರಲಿಲ್ಲ, ಮುಟ್ಟಿದರೆ ಕೈ ಇನ್ನೂ ಬೆಚ್ಚಗಿತ್ತು. ಸೇರಿದ್ದ ಗುಂಪಿನಲ್ಲಿ ಯಾರೋ ಒಬ್ಬರು, "ಸ್ವಲ್ಪ ಮುಂಚೆ ತೆಗೆದಿದ್ರೆ ಉಳೀತಿದ್ರೇನೋ" ಅಂದರು. ಅಂದವರು ಅಂದು ಮನೆಗೆ ಹೋದರು. ಅವರಿಗೆ ಆ ಮಾತು ಅವತ್ತೇ ಮರೆತೂ ಹೋಗಿರಬೇಕು.

ಕೀಲಿಯಣ್ಣ ಮಾತ್ರ ಆ ಬಚ್ಚಲಿನ ಬಾಗಿಲಲ್ಲೇ ನಿಂತುಬಿಟ್ಟ. ಮೊದಲ ವಾರ ಮನೆಯ ಚಿಲಕಗಳನ್ನು ಬಿಚ್ಚಿದ. ಆಮೇಲೆ ಅಂಗಡಿಯನ್ನು ಹನ್ನೊಂದಕ್ಕೆ ತೆರೆಯತೊಡಗಿದ, ಮೂರು ತಿಂಗಳಲ್ಲಿ ತೆರೆಯುವುದನ್ನೇ ಬಿಟ್ಟ. ಫೋನು ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಬಡಿಸಿದ ತಟ್ಟೆ ಹಾಗೇ ತಣ್ಣಗಾಗುತ್ತಿತ್ತು. ಗೋಡೆ ನೋಡುತ್ತ ಕೂತರೆ ಬೆಳಗಿನಿಂದ ಸಂಜೆ. ಒಂದು ದಿನ ಗುಂಡಿಯಕ್ಕ ಕೆಲಸಕ್ಕೆ ಹೊರಡುವಾಗ, "ನಾನಿಲ್ಲದಿದ್ರೆ ನೀವಿಬ್ರೂ ಆರಾಮಾಗಿರ್ತೀರಿ" ಅಂದ. ಅವಳು ಕೈಚೀಲ ಕೆಳಗಿಟ್ಟಳು. ಆವತ್ತು ಕಾರ್ಖಾನೆಗೆ ಹೋಗಲಿಲ್ಲ, ಅವನ ಕೈ ಹಿಡಿದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಅವನ ಹತ್ತಿರ ಬಹಳ ಹೊತ್ತು ಮಾತಾಡಿದರು. ಇದು ಖಿನ್ನತೆ, ಜೊತೆಗೆ ಆತಂಕ ಅಂದರು. ಅವನನ್ನು ಒಬ್ಬನೇ ಬಿಡಬೇಡಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಒಂದಷ್ಟು ದಿನ ಕಳೆದ ಮೇಲೆ ನಿದ್ದೆ ಹತ್ತಿತು, ಎರಡು ತುತ್ತು ಒಳಗೆ ಹೋಯಿತು, ಸಾಯುವ ಮಾತು ನಿಂತಿತು. ಆದರೆ ಆ ಬಚ್ಚಲಿನ ಚಿತ್ರ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮನೆಯಲ್ಲಿ ಯಾರಾದರೂ ಬಾಗಿಲು ಮುಂದಕ್ಕೆ ಎಳೆದರೂ ಸಾಕು, ಕೀಲಿಯಣ್ಣ ಎದ್ದು ಬಂದು ತೆರೆಯುತ್ತಿದ್ದ.

ಪಕ್ಕದ ಮನೆಯಲ್ಲಿದ್ದ, ಅದೇ ಆಸ್ಪತ್ರೆಯ ನರ್ಸಮ್ಮ ಒಂದು ದಿನ ಬಟ್ಟೆ ಒಣಹಾಕುತ್ತ ಗೋಡೆಯಾಚೆಯಿಂದಲೇ ಗುಂಡಿಯಕ್ಕನಿಗೆ ಹೇಳಿದರು:

"ನಮ್ಮ ಆಸ್ಪತ್ರೇಲಿ ಒಬ್ರು ಮೇಡಂ ಇದ್ದಾರೆ. ಮನಶ್ಶಾಸ್ತ್ರ ಓದಿದೋರು. ಕಣ್ಣಿನ ಚಲನೆಯಿಂದ ಮಾಡೋ ಚಿಕಿತ್ಸೆ ಗೊತ್ತು ಅವರಿಗೆ. ಇ.ಎಂ.ಡಿ.ಆರ್. ಅಂತಾರೆ. ಇಂಥ ಪೆಟ್ಟು ತಿಂದೋರಿಗೆ ಅನುಕೂಲ ಆಗುತ್ತೆ. ಡಾಕ್ಟ್ರನ್ನ ಒಂದು ಮಾತು ಕೇಳು."

"ಕಣ್ಣಿಗೇನಾಗಿದೆ ಅವರಿಗೆ? ಕಣ್ಣು ಚೆನ್ನಾಗೇ ಇದೆ."

"ಕಣ್ಣಿಗಲ್ಲ ಮಾರಾಯ್ತಿ, ಮನಸ್ಸಿಗೆ. ಆ ನೆನಪನ್ನ ಮನಸ್ಸಲ್ಲಿ ಇಟ್ಕೊಂಡು, ಅವರು ಬೆರಳು ಆಡಿಸಿದ ಕಡೆ ಕಣ್ಣು ಆಡಿಸ್ಬೇಕು. ನಿಧಾನಕ್ಕೆ ಆ ನೆನಪಿನ ಬಿಸಿ ಇಳಿಯುತ್ತೆ."

ಆ ಹೊತ್ತಿಗೆ ಗುಂಡಿಯಕ್ಕನ ಅಣ್ಣ ಅಲ್ಲೇ ಇದ್ದ. ವೈರಿಂಗ್ ಕೆಲಸದವನು. ಬಲ್ಬು ಹಾಕುವುದರಿಂದ ಹಿಡಿದು ಸರ್ಕಾರ ನಡೆಸುವುದರವರೆಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಗೊಳ್ಳನೆ ನಕ್ಕ.

"ಕಣ್ಣು ಆ ಕಡೆ ಈ ಕಡೆ ಆಡಿಸಿದ್ರೆ ದುಃಖ ಹೋಗೋದಾದ್ರೆ, ಟೇಬಲ್ ಟೆನಿಸ್ ನೋಡೋಕೆ ಕೂತೋರೆಲ್ಲ ಕುಣೀತಾ ಮನೆಗೆ ಹೋಗ್ಬೇಕಿತ್ತು!"

ಗುಂಡಿಯಕ್ಕನಿಗೂ ನಗು ಬಂತು. ಬಹಳ ದಿನದ ಮೇಲೆ ಬಂದ ನಗು ಅದು, ಅದಕ್ಕೇ ಅಣ್ಣನ ಮಾತು ಸರಿ ಅನ್ನಿಸಿತೋ ಏನೋ. ಆದರೂ ನರ್ಸಮ್ಮನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮತ್ತೆ ಆಸ್ಪತ್ರೆಗೆ ಹೋದರೆ, ಆ ವಿಭಾಗದ ಮುಂದೆ ಸಾಲಿನಲ್ಲಿ ಕೂತರೆ, ಕಾರ್ಖಾನೆಯವರು ಯಾರಾದರೂ ನೋಡಿದರೆ? ಗಂಡನಿಗೆ ತಲೆ ಕೆಟ್ಟಿದೆ ಅಂತ ಸಂಜೆಯೊಳಗೆ ಊರೆಲ್ಲ ಟಾಂಟಾಂ. ಅವಳು ಫೋನಿನಲ್ಲಿ ಹುಡುಕಿ ಒಂದು ವಿಡಿಯೊ ನೋಡಿದಳು. ಬೆರಳು ಆಡಿಸುವುದು, ಅಷ್ಟೇ ತಾನೆ? ಮನೆಯಲ್ಲೇ ಮಾಡಿದರೆ ಆಗದೇ ಅನ್ನಿಸಿತು. ಈ ಕಥೆಯಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಇದೇ.

ಭಾನುವಾರ ಬೆಳಿಗ್ಗೆ ಅಣ್ಣನೂ ಬಂದ. ನಕ್ಕವನಿಗೆ ಈಗ ತಂಗಿಗಿಂತ ಹೆಚ್ಚು ಉಮೇದು. ಬೆರಳು ಚಿಕ್ಕದಾಯಿತು ಎಂದು, ಮುಚ್ಚಿದ ಅಂಗಡಿಯಿಂದ ಒಂದು ದೊಡ್ಡ ಹಿತ್ತಾಳೆ ಕೀಲಿ ತಂದು ದಾರಕ್ಕೆ ಕಟ್ಟಿದ. ಕೀಲಿಯಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಮೂಗಿನ ಮುಂದೆ ತೂಗಾಡಿಸಿದ.

"ನೋಡಿ ಭಾವ, ಇದನ್ನೇ ನೋಡ್ತಿರಿ. ಈಗ ಆವತ್ತಿನದ್ದೆಲ್ಲ ನೆನಪು ಮಾಡ್ಕೊಳ್ಳಿ. ಬಾಗಿಲು ಬಿಚ್ಚಿದ್ರಿ. ಒಳಗೆ ಏನು ಕಾಣಿಸ್ತು? ಹೇಳಿ, ಏನು ಕಾಣಿಸ್ತು?"

ಕೀಲಿಯಣ್ಣ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದ. ತುಟಿ ಬಿಳುಪೇರಿತು. ಸಾಕು ಅನ್ನುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಲ್ಲಿಸುವುದು ಯಾವಾಗೆಂದು ಅಣ್ಣನಿಗೂ ಗೊತ್ತಿರಲಿಲ್ಲ. ಒಮ್ಮೆಲೇ ಕುರ್ಚಿ ಉರುಳಿಸಿ ಎದ್ದವನು ನೇರ ಬಚ್ಚಲಿಗೆ ಓಡಿ ಕದ ತಳ್ಳಿದ. ಮಗಳು ಅಲ್ಲಿ ಬಕೆಟ್ಟಿನ ಮುಂದೆ ಬಗ್ಗಿ ಶಾಲೆಯ ಬಟ್ಟೆ ಒಗೆಯುತ್ತಿದ್ದಳು. "ಬಿದ್ದಿದ್ದಾಳೆ, ಬಿದ್ದಿದ್ದಾಳೆ" ಎಂದು ಕಿರುಚುತ್ತ ಅವಳ ತೋಳು ಹಿಡಿದು ದರದರ ಹೊರಗೆಳೆದ. ಹೊಸ್ತಿಲಿಗೆ ಅವಳ ಮೊಣಕೈ ಬಡಿಯಿತು. "ಅಪ್ಪಾ, ನಾನು! ಅಪ್ಪಾ, ನಾನು ಕಣಪ್ಪಾ!" ಎಂದು ಅವಳು ಕೂಗಿಕೊಳ್ಳುತ್ತಿದ್ದದ್ದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಅವತ್ತು ಸಂಜೆ ಮಗಳು ಪುಸ್ತಕದ ಚೀಲ, ಎರಡು ಜೊತೆ ಬಟ್ಟೆ ತೆಗೆದುಕೊಂಡು ಅತ್ತೆಯ ಮನೆಗೆ ಹೊರಟುಹೋದಳು. ಊತ ಬಂದ ಮೊಣಕೈಗಿಂತ ಅವಳ ಮುಖವೇ ಗುಂಡಿಯಕ್ಕನನ್ನು ಹೆಚ್ಚು ಹೆದರಿಸಿತು. "ನನಗೆ ಅಪ್ಪನ ಮೇಲೆ ಕೋಪ ಇಲ್ಲಮ್ಮ. ಭಯ" ಅಂದಳು ಮಗಳು. ಕೋಪವಾಗಿದ್ದರೆ ಒಂದೆರಡು ದಿನದಲ್ಲಿ ಇಳಿದೀತು. ಭಯಕ್ಕೆ ಏನು ಮಾಡುವುದೆಂದು ತಾಯಿಗೆ ತಿಳಿಯಲಿಲ್ಲ. ಮಗಳು ಇನ್ನು ಈ ಮನೆಗೆ ಬರುವುದಿಲ್ಲವೇನೋ ಎಂದು ಆ ರಾತ್ರಿಯೆಲ್ಲ ಅತ್ತಳು.

ಮರುದಿನ ನರ್ಸಮ್ಮನೇ ಆಸ್ಪತ್ರೆಗೆ ಜೊತೆಗೆ ಬಂದರು. ಡಾಕ್ಟರು ಅವರನ್ನು ಆ ಮೇಡಂ ಹತ್ತಿರ ಕಳಿಸಿದರು. ಚಿಕ್ಕ ಕೋಣೆ, ಎರಡು ಕುರ್ಚಿ, ಕಿಟಕಿಗೆ ಮಾಸಲು ಪರದೆ. ಮೇಡಂ ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಗದರಲಿಲ್ಲ.

"ಬೆರಳು ಆಡಿಸೋದು ಈ ಚಿಕಿತ್ಸೇಲಿ ಒಂದು ಭಾಗ ಅಷ್ಟೇ ಅಮ್ಮಾ. ಅದಕ್ಕೆ ಮುಂಚೆ ಮಾಡೋದು ಬಹಳ ಇದೆ, ಆಮೇಲೆ ಮಾಡೋದೂ ಇದೆ. ಗಾಯ ಬಿಚ್ಚೋದು ಎಲ್ಲರಿಗೂ ಬರುತ್ತೆ. ಬಿಚ್ಚಿದ ಮೇಲೆ ಏನು ಮಾಡ್ಬೇಕು ಅನ್ನೋದನ್ನ ಕಲಿತಿರಬೇಕು."

"ಇದು ವಶೀಕರಣವಾ ಮೇಡಂ?" ಕೀಲಿಯಣ್ಣ ನೆಲ ನೋಡುತ್ತಲೇ ಕೇಳಿದ.

"ಅಲ್ಲ. ನೀವು ಪೂರ್ತಿ ಎಚ್ಚರವಾಗೇ ಇರ್ತೀರಿ. ಸಾಕು ಅನ್ನಿಸಿದ್ರೆ ಕೈ ಎತ್ತಿ, ನಾನು ತಕ್ಷಣ ನಿಲ್ಲಿಸ್ತೀನಿ. ಏನೇನಾಯ್ತು ಅಂತ ಎಲ್ಲಾನೂ ಬಾಯಿಬಿಟ್ಟು ಹೇಳಲೂ ಬೇಕಾಗಿಲ್ಲ."

"ಕಣ್ಣು ಆಡಿಸಿದ್ರೆ ಅದು ಹೇಗೆ..."

"ಒಳ್ಳೆ ಪ್ರಶ್ನೆ. ಹಳೇ ನೆನಪು ಒಂದು ಕಡೆ, ನನ್ನ ಬೆರಳು ಇನ್ನೊಂದು ಕಡೆ. ಗಮನ ಎರಡು ಪಾಲಾದಾಗ ನೆನಪಿನ ಜೋರು ಕಮ್ಮಿಯಾಗುತ್ತೆ ಅಂತ ಕೆಲವರು ಹೇಳ್ತಾರೆ. ಯಾಕೆ ಅನ್ನೋದರ ಬಗ್ಗೆ ಓದಿದೋರಲ್ಲಿ ಇನ್ನೂ ಚರ್ಚೆ ನಡೀತಿದೆ. ಆದ್ರೆ ಇಂಥ ಆಘಾತ ಆದ ಎಷ್ಟೋ ಜನಕ್ಕೆ ಗುಣ ಕಂಡಿರೋದು ನಿಜ. ಖಿನ್ನತೆ ಇರೋರಿಗೆಲ್ಲ ಇದೇ ಮದ್ದು ಅಂತ ನಾನು ಹೇಳಲ್ಲ. ನಿಮ್ಮದು ಆ ಬಾಗಿಲಿಂದ ಶುರುವಾಗಿದೆ, ಅದಕ್ಕೇ ಪ್ರಯತ್ನ ಮಾಡೋಣ. ಮಾತ್ರೆ ಮಾತ್ರ ನೀವಾಗೇ ಬಿಡಬಾರದು."

ಮೊದಲ ಮೂರು ಭೇಟಿಯಲ್ಲಿ ಬೆರಳು ಮೇಲೇಳಲೇ ಇಲ್ಲ. ಬರೀ ಮಾತು, ಉಸಿರಾಟ, ಎದೆ ಹೊಡೆದುಕೊಂಡಾಗ ಕಾಲನ್ನು ನೆಲಕ್ಕೂರಿ ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ನೋಡುವುದು. ನಾಲ್ಕನೆಯ ಸಲ ಬೆರಳು ಆಡಿತು. ಅವತ್ತು ಕೀಲಿಯಣ್ಣ ಒದ್ದೆ ಬಟ್ಟೆಯ ಹಾಗೆ ಹೊರಗೆ ಬಂದ. ಎರಡು ದಿನ ಕೆಟ್ಟ ಕನಸು. ಗುಂಡಿಯಕ್ಕ ಹೆದರಿ ಫೋನು ಮಾಡಿದಳು.

"ಶುರುವಿನಲ್ಲಿ ಕೆಲವರಿಗೆ ಹೀಗಾಗುತ್ತೆ, ಮೊದಲೇ ಹೇಳಿದ್ದೆ ನೆನಪಿದ್ಯಾ?" ಅಂದರು ಮೇಡಂ. "ನಾಳೆ ಬನ್ನಿ, ನೋಡೋಣ. ನಿಧಾನಕ್ಕೆ ಹೋಗೋಣ."

ಏಳನೆಯ ಭೇಟಿ ಮುಗಿದ ದಿನ ಅವನು ಹೊರಗೆ ಬಂದು ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತ.

"ಆವತ್ತು ಫೋನು ಬಂದಾಗ ನಾನು ಚಹಾ ಕುಡೀತಿದ್ದೆ" ಅಂದ. "ಅರ್ಧ ಲೋಟ ಉಳಿದಿತ್ತು. ಮುಗಿಸಿ ಹೊರಟೆ."

ಗುಂಡಿಯಕ್ಕ ಅವನ ಕಡೆ ತಿರುಗಿದಳು. ಎಂಟು ತಿಂಗಳಿಂದ ಒಂದೇ ಮನೆಯಲ್ಲಿದ್ದವಳಿಗೆ ಇದು ಗೊತ್ತಿರಲಿಲ್ಲ. ಅಂಗಡಿ ಯಾಕೆ ತೆರೆಯಲ್ಲ, ಊಟ ಯಾಕೆ ಮಾಡಲ್ಲ, ಗಂಡಸಾಗಿ ಹೀಗೆ ಕೂತರೆ ಹೇಗೆ ಎಂದೆಲ್ಲ ಕೇಳಿದ್ದಳು. ಅಣ್ಣನೂ ಕೇಳಿದ್ದ, ಬೀದಿಯವರೂ ಕೇಳಿದ್ದರು. ಅವನ ಹೊಟ್ಟೆಯೊಳಗೆ ಏನು ಕುದಿಯುತ್ತಿದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

"ಆ ಅರ್ಧ ಲೋಟ ಬಿಟ್ಟು ಹೋಗಿದ್ರೆ ಉಳೀತಿದ್ರೋ ಇಲ್ವೋ, ಯಾರಿಗೂ ಗೊತ್ತಿಲ್ಲ" ಅವನೇ ಮುಂದುವರಿಸಿದ. "ಕೊಂದೆ ಕೊಂದೆ ಅಂತ ಇಷ್ಟು ದಿನ ಅನ್ನಿಸ್ತಿತ್ತು. ಇವತ್ತು ಬೆರಳು ನೋಡ್ತಾ ನೋಡ್ತಾ ಅನ್ನಿಸ್ತು, ಕರೆದ್ರು, ನಾನು ಹೋದೆ. ಒಳಗೆ ಹಾಗಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ. ಬೇಜಾರು ಇದೆ ಕಣೆ. ಬೇಜಾರು ಹೋಗಿಲ್ಲ."

ಆ ಭಾನುವಾರ ಇಬ್ಬರೂ ಮಗಳನ್ನು ನೋಡಲು ಹೋದರು. ಅತ್ತೆಯ ಮನೆಯ ಬಾಗಿಲಲ್ಲಿ ಅಪ್ಪನನ್ನು ಕಂಡವಳು ಎರಡು ಹೆಜ್ಜೆ ಹಿಂದೆ ಸರಿದಳು. ಅದನ್ನು ಕೀಲಿಯಣ್ಣ ನೋಡಿದ. ಮುಂದೆ ಹೋಗಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಮೊಣಕೈ ನೋವಿದ್ಯಾ ಪುಟ್ಟಿ?"

"ಯಾವಾಗ್ಲೋ ಹೋಯ್ತು." ಮೊಣಕೈಯನ್ನು ಅಂಗೈಯಿಂದ ಮುಚ್ಚಿಕೊಂಡು, "ಮತ್ತೆ ಹಾಗೆ ಮಾಡಲ್ವಾ ಅಪ್ಪಾ?"

"ಮಾಡೋದೇ ಇಲ್ಲ ಅಂತ ಮಾತು ಕೊಡೋಕೆ ಧೈರ್ಯ ಸಾಲದು. ಇನ್ನೂ ನಾಲ್ಕೈದು ಸಲ ಹೋಗೋದಿದೆ. ತಪ್ಪಿಸಲ್ಲ."

"ಹಾಗಾದ್ರೆ ಇವತ್ತು ನಾನು ಬರಲ್ಲ."

"ಬೇಡ. ನಿನಗೆ ಯಾವಾಗ ಬರ್ಬೇಕು ಅನ್ನಿಸುತ್ತೋ ಆವಾಗ ಬಾ."

ಗುಂಡಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ಬರುತ್ತಾಳೆ ಎಂದು ಆಸೆಪಟ್ಟು ಬಂದಿದ್ದಳು. ಹುಡುಗಿ ಮಾತ್ರ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳು ಮೆಲ್ಲಗೆ ಕೇಳಿದಳು:

"ಅಪ್ಪಾ, ಆ ಅಜ್ಜಿ ಹೇಗಿದ್ರು?"

ಬೇಡ ಬೇಡ ಎಂದು ಗುಂಡಿಯಕ್ಕ ಮಗಳಿಗೆ ಕಣ್ಸನ್ನೆ ಮಾಡಿದಳು. ಕೀಲಿಯಣ್ಣ ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡು, ಎರಡೂ ಪಾದ ನೆಲಕ್ಕೂರಿದ. ಆಮೇಲೆ ಹೇಳತೊಡಗಿದ. ಸಣ್ಣ ಆಳು. ಬೆಳ್ಳಗಿನ ಕೂದಲು. ಮೇಜಿನ ಮೇಲೆ ಕನ್ನಡಕ, ಅರ್ಧ ಹೆಣೆದ ಉಣ್ಣೆಯ ಟೋಪಿ ಇತ್ತು, ಯಾವುದೋ ಮಗುವಿನದ್ದಿರಬೇಕು. ನೆಲದ ಮೇಲೆ ಬಿದ್ದಿದ್ದವರನ್ನು ಇಬ್ಬರು ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದ್ದು, ಅವರ ಕಾಲಿಗೆ ತಾನೇ ಹೊದಿಕೆ ಹೊದಿಸಿದ್ದು, ಎಲ್ಲ ಹೇಳಿದ. ಹೇಳುತ್ತ ಅತ್ತ. ಅಳುವವರು ಎಲ್ಲರೂ ಅಳುವ ಹಾಗೆ ಅತ್ತ. ಎಲ್ಲಿಗೂ ಎದ್ದು ಓಡಲಿಲ್ಲ.

ಮಗಳು ಬಂದು ಅವನಿಗಿಂತ ಒಂದು ಮೆಟ್ಟಿಲು ಮೇಲೆ ಕೂತಳು.

ಗುಂಡಿಯಕ್ಕನ ಅಣ್ಣನ ಸುದ್ದಿ ಹೇಳದಿದ್ದರೆ ತಪ್ಪಾದೀತು. ಈಗ ಬೀದಿಯಲ್ಲಿ ಯಾರಾದರೂ ಈ ಚಿಕಿತ್ಸೆಯ ಮಾತೆತ್ತಿದರೆ ಸಾಕು, ಅವನೇ ಮುಂದೆ ಬಂದು, "ಮನೇಲಿ ಮಾತ್ರ ಮಾಡಕ್ಕೆ ಹೋಗ್ಬೇಡ್ರಪ್ಪ, ನಾನು ಮಾಡಿ ಮನೆ ಹಾಳು ಮಾಡಿದ್ದೆ" ಎಂದು ಭಾಷಣ ಶುರು ಮಾಡುತ್ತಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೂ ಅದನ್ನೇ ಹೇಳುವುದು. ನಿಮ್ಮ ಮನೆಯಲ್ಲೂ ಒಬ್ಬರು ಗೋಡೆ ನೋಡುತ್ತ ಕೂತಿರಬಹುದು. ಅದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ. ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಕಣ್ಣಿನ ಚಲನೆಯ ಚಿಕಿತ್ಸೆ ಅವರಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ತರಬೇತಿ ಪಡೆದವರ ಹತ್ತಿರ ಮಾತ್ರ ಮಾಡಿಸಿ, ವಿಡಿಯೊ ನೋಡಿ ಕೈ ಹಾಕಬೇಡಿ. ಬದುಕುವುದೇ ಬೇಡ ಎಂಬ ಮಾತು ಅವರ ಬಾಯಲ್ಲಿ ಬಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಹೊರಡಿ. ಯಾರು ನೋಡುತ್ತಾರೋ ಎಂದು ಹಿಂಜರಿಯಬೇಡಿ, ನೋಡಿದವರು ನಿಮ್ಮ ಮನೆಯವರನ್ನು ಉಳಿಸಿಕೊಡಲು ಬರುವುದಿಲ್ಲ.

ಅದಕ್ಕೂ ಮೊದಲು, ಈಗಲೇ, ಈ ಹಾಳೆ ಕೆಳಗಿಟ್ಟು ಅವರ ಪಕ್ಕ ಹೋಗಿ ಕೂತುಕೊಳ್ಳಿ. ಯಾಕೆ ಹೀಗಿದ್ದೀಯ ಎಂದು ಕೇಳಬೇಡಿ. ನಿನಗೆ ಏನಾಯಿತು ಎಂದು ಕೇಳಿ. ಉತ್ತರ ಬರಲು ಎಂಟು ತಿಂಗಳಾದರೂ ಎದ್ದು ಹೋಗಬೇಡಿ.