ಗೋಡೆ ಕೇಳಿಸಲಿಲ್ಲ

ಕೋಣೆಯ ನಡುವೆ ನಿಂತು ಪುಟ್ಟ ಮತ್ತೊಮ್ಮೆ ಚಪ್ಪಾಳೆ ತಟ್ಟಿದ. ವಾರದ ಹಿಂದಾಗಿದ್ದರೆ ಸದ್ದು ಬರಿಗೋಡೆಗಳ ನಡುವೆ ಚೆಂಡಿನಂತೆ ಪುಟಿಯುತ್ತಿತ್ತು. ಈಗ ಹುಟ್ಟಿದಲ್ಲೇ ಅಡಗಿತು.

"ಕೇಳಿದ್ರಾ?" ಎಂದ, ಗೆಳೆಯರಿಬ್ಬರತ್ತ ತಿರುಗಿ.

ಶಾಲೆಯಲ್ಲಿ ಅವನು ಡ್ರಾಯಿಂಗ್ ಮೇಷ್ಟ್ರು. ತಲೆ ನರೆತರೂ ಮನೆಯಲ್ಲಿ ಇನ್ನೂ ಪುಟ್ಟ. ಹಾಡು ಕೇಳುವುದಕ್ಕೆಂದೇ ಈ ಕೋಣೆಯನ್ನು ಸಜ್ಜುಗೊಳಿಸಿದ್ದ. ಮರದ ಚೌಕಟ್ಟುಗಳಿಗೆ ದಪ್ಪ ಉಣ್ಣೆ ತುಂಬಿ, ಬಟ್ಟೆ ಬಿಗಿದು ಹೊಲಿದಿದ್ದ. ಹೆಂಡತಿ ಗೋಡೆಗುಂಟ ಕನ್ನಡಿ ಸರಿಸುತ್ತ ಹೋದಾಗ ಕುರ್ಚಿಯಲ್ಲಿ ಕೂತವನಿಗೆ ಅದರಲ್ಲಿ ಸ್ಪೀಕರ್ ಎಲ್ಲಿ ಕಂಡಿತೋ, ಸದ್ದು ಗೋಡೆಗೆ ಬಡಿದು ಕಿವಿಗೆ ಮರಳುವುದು ಅಲ್ಲಿಂದಲೇ ಎಂದು, ಅಲ್ಲೆಲ್ಲ ಒಂದೊಂದು ಚೌಕಟ್ಟು ಏರಿತ್ತು. ನೆಲಕ್ಕೆ ಜಮಖಾನ ಬಿದ್ದಿತ್ತು.

"ಏನಯ್ಯಾ, ಹತ್ತಿ ಮೂಟೆಯೊಳಗೆ ಕೂತ ಹಾಗಿದೆ!" ಎಂದ ಒಬ್ಬ. ಹಾಡು ಹಾಕಿದ ಮೇಲೆ ಮಾತ್ರ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತರು. ಪುಟ್ಟನ ಮುಖ ಊರಗಲವಾಯಿತು.

ಹಾಡು ಮುಗಿಯುವುದಕ್ಕೂ ಅಕ್ಕ ಟೀ ತಟ್ಟೆ ಹಿಡಿದು ಬರುವುದಕ್ಕೂ ಸರಿಹೋಯಿತು. ಅಕ್ಕ ಹುಟ್ಟುಗುರುಡಿ. ಆದರೂ ಮನೆಯೊಳಗೆ ಕೋಲು ಹಿಡಿದವಳಲ್ಲ, ತಡವರಿಸಿದವಳಲ್ಲ. ಹೇಗೆ ಎಂದು ಯಾರೂ ಕೇಳಿರಲಿಲ್ಲ. ತಂಗಿಯ ಮನೆಗೆ ಹೋಗಿದ್ದವಳು ಅಂದೇ ಬೆಳಿಗ್ಗೆ ಮರಳಿದ್ದಳು. ಕೋಣೆಯ ವಿಷಯ ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಎರಡು ಹೆಜ್ಜೆ ಇಟ್ಟು ಅಕ್ಕ ನಿಂತಳು. ಕಿವಿ ಆಚೀಚೆ ತಿರುಗಿಸಿದಳು. ಅನುಮಾನಿಸುತ್ತ ಇನ್ನೊಂದು ಹೆಜ್ಜೆ ಇಟ್ಟವಳು ನೇರ ಹೋಗಿ ಸ್ಪೀಕರಿಗೆ ಬಡಿದುಕೊಂಡಳು. ತಟ್ಟೆ ಮಗುಚಿತು.

ಪುಟ್ಟ ಹಾರಿ ಬಂದು ಹಿಡಿದದ್ದು ಸ್ಪೀಕರನ್ನು.

"ನೋಡ್ಕೊಂಡು ಬರೋಕಾಗಲ್ವಾ ನಿಂಗೆ?"

ಆ ಕೋಣೆಯಲ್ಲಿ ಒಂದಕ್ಷರವೂ ಮಸುಕಾಗಲಿಲ್ಲ. ಗೆಳೆಯರು ಜಮಖಾನದ ಹೂಗಳನ್ನು ನೋಡತೊಡಗಿದರು. ಪುಟ್ಟನಿಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು ಕಣೋ," ಎಂದಳು ಅಕ್ಕ, ಬಿಸಿ ಟೀ ಬಿದ್ದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. "ಯಾಕೋ ಗೋಡೆ ಕೇಳಿಸ್ಲೇ ಇಲ್ಲ. ಕಿವೀನೂ ಹೋಯ್ತೇನೋ ಅಂತ ಗಾಬರಿಯಾಗ್ಬಿಟ್ಟೆ."

"ಇಲ್ಲಕ್ಕ, ಕಿವಿಗೇನಾಗಿಲ್ಲ. ನಾನೇ..." ಪುಟ್ಟ ಅವಳ ಇನ್ನೊಂದು ಕೈ ಹಿಡಿದು ಗೋಡೆಯ ಚೌಕಟ್ಟಿನ ಮೇಲಿಟ್ಟ. ಅವಳು ಬಟ್ಟೆಯ ಅಂಚು ಸವರಿದಳು.

"ನೀನೇ ಹೊಲ್ದಿದ್ದಾ? ಹೊಲಿಗೆ ಚೆನ್ನಾಗಿ ಬಂದಿದೆ ಕಣೋ."

ಮರುದಿನ ಶಾಲೆಗೆ ರಜೆ ಹಾಕಿ ಅಷ್ಟನ್ನೂ ಬಿಚ್ಚಿ ಅಟ್ಟಕ್ಕೆ ಸಾಗಿಸಿದ. ಜಮಖಾನ ಸುತ್ತಿಟ್ಟ. ಅಕ್ಕನನ್ನು ಕರೆದ. ಅವಳು ಬಾಗಿಲಲ್ಲೇ ನಿಂತು ಒಮ್ಮೆ ಕೆಮ್ಮಿದಳು. ಕೋಣೆ ಕೆಮ್ಮಿಗೆ ಓಗೊಟ್ಟಿತು.

"ಸರಿಯಾಯ್ತು ಬಿಡು. ಪಾಪ, ಅಷ್ಟು ಕಷ್ಟಪಟ್ಟು ಮಾಡಿದ್ದೆ," ಎಂದು ಅಡುಗೆಮನೆಯತ್ತ ಹೊರಟಳು.

ನಡುಮನೆಯಲ್ಲಿ ಅವನು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆದರೂ ಅಕ್ಕ ಸುಟ್ಟ ಕೈಯನ್ನು ಮುಂದೆ ಚಾಚಿ, ಗಾಳಿಯನ್ನು ತಡವುತ್ತ ಮೆಲ್ಲಗೆ ನಡೆಯುತ್ತಿದ್ದಳು.